ಮುಂಬೈನಿಂದ ನ್ಯೂಯಾರ್ಕ್: ಅಪ್ಪ ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕು?

ಮಾಟುಂಗಾದ ಮಗಳು:
ಅಪ್ಪನಿಗೆ 74 ವರ್ಷ. ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ 40 ವರ್ಷ ಕೂತವರು. ಜುಲೈನಲ್ಲಿ ಮೊದಲ ಬಾರಿ ವಿಮಾನ ಹತ್ತಿ, ಒಬ್ಬರೇ, ನ್ಯೂಯಾರ್ಕಿನಲ್ಲಿರುವ ನನ್ನ ತಮ್ಮನ ಮನೆಗೆ ಹೊರಟಿದ್ದಾರೆ. ಟಿಕೆಟ್ ನೋಡಿದಾಗಿನಿಂದ ಅವರಿಗೆ ಸಮಾಧಾನವಿಲ್ಲ. ಮುಂಬೈ ಬಿಡುವುದು ರಾತ್ರಿ 1.30ಕ್ಕೆ, ಅಲ್ಲಿ ಇಳಿಯುವುದು ಅದೇ ದಿನ ಬೆಳಿಗ್ಗೆ 7.30ಕ್ಕೆ. ಅಕ್ಟೋಬರಿನಲ್ಲಿ ಮರಳುವಾಗ ಮಧ್ಯಾಹ್ನ 12ಕ್ಕೆ ಹೊರಟರೆ ಇಲ್ಲಿಗೆ ಮರುದಿನ 11.30ಕ್ಕೆ. "ಹೋಗಲು ಆರು ಗಂಟೆ, ಬರಲು ಇಪ್ಪತ್ತಮೂರೂವರೆ. ಲೆಕ್ಕ ತಾಳೆಯಾಗುತ್ತಿಲ್ಲ" ಎಂದು ಹಳೆಯ ಬಿಲ್ಲಿನ ಬೆನ್ನಿಗೆ ಮತ್ತೆ ಮತ್ತೆ ಬರೆದು ನೋಡುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇವೆ, ಮಾತ್ರೆಯ ಹೊತ್ತು ತಪ್ಪಬಾರದು. ಬೆಂಗಳೂರಿನ ರೈಲಿನಲ್ಲಿ ಒಂದು ದಿನ ಕೂತದ್ದೇ ಅವರಿಗೆ ಗೊತ್ತಿರುವ ದೊಡ್ಡ ಪ್ರಯಾಣ. ನಿಜವಾಗಿ ಎಷ್ಟು ದೂರ, ಎಷ್ಟು ಹೊತ್ತು?

ಠಾಣೆಯ ಮೇಷ್ಟರು:
ಟಿಕೆಟಿನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ, ತಾಯಿ. ಜುಲೈ, ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಅಲ್ಲಿನ ಬೆಳಿಗ್ಗೆ 7.30 ಎಂದರೆ ಇಲ್ಲಿ ಸಂಜೆ 5. ಹೋಗಲು ಹದಿನೈದೂವರೆ ಗಂಟೆ ಆಯಿತು. ಅಲ್ಲಿ ಮಧ್ಯಾಹ್ನ 12 ಎಂದರೆ ಇಲ್ಲಿ ರಾತ್ರಿ 9.30. ಬರಲು ಹದಿನಾಲ್ಕು. ಅಪ್ಪನವರ ಕೂಡುವಿಕೆ ಸರಿಯಾಗಿಯೇ ಇದೆ, ಗಡಿಯಾರಗಳು ಬೇರೆ.

ದೂರ ಸುಮಾರು 12,500 ಕಿ.ಮೀ., ಬೆಂಗಳೂರಿನ ರೈಲುದಾರಿಯ ಹನ್ನೊಂದು ಪಟ್ಟು. ನಾನು ಶಾಲೆಯಲ್ಲಿ ಭೂಗೋಳ ಕಲಿಸುವಾಗ ಗೋಡೆಯ ಭೂಪಟ ಬಿಟ್ಟು, ಮೇಜಿನ ಗೋಳವನ್ನೂ ಹೂ ಕಟ್ಟುವ ದಾರವನ್ನೂ ತೆಗೆದುಕೊಳ್ಳುತ್ತಿದ್ದೆ. ದಾರದ ಒಂದು ತುದಿಯನ್ನು ಮುಂಬೈ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ನ್ಯೂಯಾರ್ಕಿಗೆ ಹಿಡಿದು ಬಿಗಿಯಾಗಿ ಎಳೆಯಿರಿ. ಅದು ನೇರ ಪಡುವಣಕ್ಕೆ ನಿಲ್ಲದೆ ಉತ್ತರಕ್ಕೆ ಜಾರಿ, ರಷ್ಯಾ, ಸ್ಕ್ಯಾಂಡಿನೇವಿಯಾ ಕಡೆ ಏರಿ, ಮತ್ತೆ ಇಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ಮಕ್ಕಳ ಕಣ್ಣು ಅರಳುತ್ತಿದ್ದುದು ಆ ಜಾರುವ ಗಳಿಗೆಯಲ್ಲಿ, ಅಪ್ಪನವರಿಗೂ ತೋರಿಸಿ. ಯಾವುದಾದರೂ ದೇಶ ತನ್ನ ವಾಯುಮಾರ್ಗ ಮುಚ್ಚಿದರೆ ವಿಮಾನ ಸುತ್ತು ಹೊಡೆಯಬೇಕಾಗುತ್ತದೆ, ಆಗ ಹೊತ್ತು ಹೆಚ್ಚುತ್ತದೆ.

ಬರುವಾಗ ಬೇಗ ಮುಟ್ಟುವುದು ಗಾಳಿಯಿಂದ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹರಿವಿದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ.

ಪುಣೆಯ ಸೊಸೆ:
ಮಾತ್ರೆಗಳು ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ನನ್ನ ಅತ್ತೆಯವರದನ್ನು ನಾನೇ ದೊಡ್ಡ ಪೆಟ್ಟಿಗೆಗೆ ಹಾಕಿ ಕಳಿಸಿದ್ದೆ, ಇಂದಿಗೂ ಸಂಕಟವಾಗುತ್ತದೆ. ವಿಮಾನದಲ್ಲಿ ಅವರು ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ಕಿಟಕಿ ಬದಿಯಲ್ಲಿ ಕೂತೇ ಇದ್ದರು. ಇಳಿಯುವಾಗ ಪಾದ ಊದಿ ಚಪ್ಪಲಿಯ ಪಟ್ಟಿ ಹಾಕಲಾಗಲಿಲ್ಲ. ಅಪ್ಪನಿಗೆ ನಡೆದಾಡುವ ದಾರಿಯ ಪಕ್ಕದ ಆಸನ ಕೇಳಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಗಾಲಿಕುರ್ಚಿಗೆ ಈಗಲೇ ಹೇಳಿಡಿ. ಸಕ್ಕರೆ ಕಾಯಿಲೆಯ ಔಷಧದ ಹೊತ್ತನ್ನು ಮಾತ್ರ ನಾವು ನಾವೇ ತೀರ್ಮಾನಿಸಬಾರದು; ಈ ಹದಿನೈದೂವರೆ ಗಂಟೆಯ ಲೆಕ್ಕವನ್ನು ವೈದ್ಯರಿಗೆ ತೋರಿಸಿ.

ಮಾಟುಂಗಾದ ಮಗಳು:
ಮೇಷ್ಟರೇ, ಪಕ್ಕದ ಮನೆಯ ಹುಡುಗನ ಗೋಳ ತಂದು ದಾರ ಎಳೆದೆ. ಅಪ್ಪ ಕನ್ನಡಕ ಏರಿಸಿ, ದಾರದ ಗುಂಟ ಬೆರಳಾಡಿಸುತ್ತಾ ಊರುಗಳ ಹೆಸರು ಓದಿದರು. ಬಿಲ್ಲಿನ ಬೆನ್ನಿಗೆ "15½" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅವರ ಎಚ್‌ಎಂಟಿ ಕೈಗಡಿಯಾರ ಮನೆಗೆ ಮರಳುವವರೆಗೂ ನಮ್ಮ ಸಮಯವನ್ನೇ ತೋರಿಸಬೇಕಂತೆ. ಅಕ್ಕಾ, ಆಸನ ಬದಲಿಸಿದೆ. ಶನಿವಾರ ವೈದ್ಯರಲ್ಲಿಗೆ ಹೋಗುತ್ತಿದ್ದೇವೆ.