ಅಪ್‌ಡೇಟ್: ಹಳೇ ಪಿಸಿಗಳ ವರ್ಚುವಲ್ ಲ್ಯಾಬ್ ಓಡ್ತಿದೆ

ಸೆಕೆಂಡ್‌ಹ್ಯಾಂಡ್ ತಗೊಂಡ ಎರಡು ನಾಲ್ಕನೇ ತಲೆಮಾರಿನ ಐ5 ಪಿಸಿಗಳಲ್ಲಿ ವರ್ಚುವಲ್ ಮಷೀನ್ (ವಿಎಂ, ಅಂದ್ರೆ ಒಂದು ಪಿಸಿಯೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಪಿಸಿ) ಓಡಿಸಬಹುದಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಓಡ್ತಿವೆ! ನೀವು ಹೇಳಿದ ಹಾಗೆ ಬಯಾಸ್‌ನಲ್ಲಿ ವಿಟಿ-ಎಕ್ಸ್ (ವಿಎಂ ಓಡಿಸೋಕೆ ಪ್ರೊಸೆಸರ್‌ನಲ್ಲಿರೋ ಸೌಲಭ್ಯ) ಆನ್ ಮಾಡಿ, ವಿಎಂಗಳನ್ನ ನಡೆಸೋ ಪ್ರಾಕ್ಸ್‌ಮಾಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಳೇ ಡಿಡಿಆರ್3 ರ‍್ಯಾಮ್ ಸಿಕ್ತು, ಒಂದೊಂದಕ್ಕೂ 16 ಜಿಬಿ ಆಯ್ತು. ನಿಜವಾಗಿ ಜೀವ ಬಂದಿದ್ದು ಮಾತ್ರ ಎಸ್‌ಎಸ್‌ಡಿ ಹಾಕಿದ ಮೇಲೆ.

ಒಂದು ವಿಷಯ ಗಮನಿಸಿ: ಎರಡೇ ಪಿಸಿಗಳನ್ನ ಜೋಡಿಸಿದ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ನಡೆಯೋ ಗುಂಪು) ಒಂದು ಆಫ್ ಆದರೆ ಇನ್ನೊಂದು ಹೊಸದಾಗಿ ವಿಎಂ ಸ್ಟಾರ್ಟ್ ಮಾಡೋಕೇ ಬಿಡಲ್ಲ. ಒಂದೊಂದು ಪಿಸಿಗೂ ಒಂದು ವೋಟು, ಕೆಲಸ ಮಾಡೋಕೆ ಬಹುಮತ ಬೇಕು; ಎರಡು ವೋಟಲ್ಲಿ ಒಂದು ಬಹುಮತ ಆಗಲ್ಲವಲ್ಲ! ಮನೇಲಿದ್ದ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರನ್ನ ಕ್ಯೂಡಿವೈಸ್ (ವೋಟು ಹಾಕೋಕಷ್ಟೇ ಇರೋ ಸಾಧನ) ಮಾಡಿ ಮೂರನೇ ವೋಟು ಕೊಡಿಸಿದೆ, ಸರಿಹೋಯ್ತು.

ಸಣ್ಣ ಕೆಲಸಕ್ಕೆ ವಿಎಂ ಬೇಡ, ಎಲ್‌ಎಕ್ಸ್‌ಸಿ ಕಂಟೈನರ್ (ವಿಎಂಗಿಂತ ಹಗುರವಾದ ಪ್ರತ್ಯೇಕ ಲಿನಕ್ಸ್ ಜಾಗ) ಸಾಕು ಅಂದವರಿಗೆ ತುಂಬಾ ಥ್ಯಾಂಕ್ಸ್. ಜಾಹೀರಾತು ತಡೆಯೋ ಪೈ-ಹೋಲ್ ಅದರಲ್ಲಿ 512 ಎಂಬಿ ರ‍್ಯಾಮ್‌ನಲ್ಲೇ ಆರಾಮಾಗಿ ನಡೀತಿದೆ.