ಗ್ಯಾಲಕ್ಟಸ್‌ನ ದೂತರು ಒಡೆಯನಿಗೇ ಎದುರು ನಿಲ್ಲುವುದೇಕೆ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. 2018ರ ಅವೆಂಜರ್ಸ್ ಚಿತ್ರದಲ್ಲಿ ಥಾನೋಸ್‌ನ ಹಿಂಬಾಲಕರನ್ನೂ, 2025ರ ಫೆಂಟಾಸ್ಟಿಕ್ ಫೋರ್ ಚಿತ್ರದಲ್ಲಿ ಗ್ಯಾಲಕ್ಟಸ್‌ನ ದೂತಳಾಗಿ ಬರುವ ಶಲ್ಲಾ-ಬಾಲ್‌ಳನ್ನೂ ನೋಡಿದ ಮೇಲೆ ಮೂಲ ಕಾಮಿಕ್ಸ್‌ಗಳನ್ನು ಓದಲು ತೊಡಗಿದ್ದೇನೆ. ಒಂದು ಸಂಗತಿ ಮಾತ್ರ ಬಗೆಹರಿಯುತ್ತಿಲ್ಲ. ಗ್ರಹಗಳನ್ನೇ ನುಂಗಬಲ್ಲ ಗ್ಯಾಲಕ್ಟಸ್‌ಗೆ ದೂತನೊಬ್ಬ ಏಕೆ ಬೇಕು? ಬೇಕೆಂದೇ ಇಟ್ಟುಕೊಳ್ಳೋಣ, ಅವನು ತನ್ನ ಶಕ್ತಿಯಲ್ಲೇ ಪಾಲು ಕೊಟ್ಟು ಬೆಳೆಸಿದ ಈ ದೂತರು ಒಬ್ಬರ ನಂತರ ಒಬ್ಬರಂತೆ ಉಂಡ ಮನೆಗೆ ಎರಡು ಬಗೆಯುತ್ತಿರುವಾಗ ಅದೇ ಏರ್ಪಾಟನ್ನು ಮುಂದುವರಿಸುವುದರಲ್ಲಿ ಯಾವ ಅರ್ಥವಿದೆ? ಥಾನೋಸ್ ಮತ್ತು ಡಿಸಿ ಕಾಮಿಕ್ಸ್‌ನ ಖಳ ಡಾರ್ಕ್‌ಸೈಡ್ ಇವರ ಸೇವಕರಲ್ಲಿ ಈ ತೊಂದರೆ ಇಷ್ಟಾಗಿ ಕಾಣುವುದಿಲ್ಲ. ಈ ದೂತರು, ಸೇವಕರೆಲ್ಲರ ಪೈಕಿ ಹೆಚ್ಚು ಬಲಶಾಲಿ ಯಾರು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೆಸಂಚಿಕೆ:

ಮೊದಲ ಪ್ರಶ್ನೆಗೆ ಕಥೆಯೊಳಗೆ ಸಿಗುವ ಉತ್ತರ ಸರಳವಾದುದು. ಗ್ಯಾಲಕ್ಟಸ್‌ನ ಹಸಿವು ತೀರುವಂಥದ್ದಲ್ಲ, ಎಲ್ಲ ಗ್ರಹಗಳೂ ಅವನಿಗೆ ಆಹಾರವಾಗುವುದಿಲ್ಲ. ಆದ್ದರಿಂದ ಮುಂದೆ ಹೋಗಿ ತಕ್ಕ ಗ್ರಹವನ್ನು ಹುಡುಕಿಕೊಡುವವನೊಬ್ಬ ಬೇಕು.

ಕಥೆಯ ಹೊರಗಿನ ಉತ್ತರ ಇದಕ್ಕಿಂತ ಸ್ವಾರಸ್ಯಕರವಾಗಿದೆ. 1966ರ ಮಾರ್ಚ್ ತಿಂಗಳ ಫೆಂಟಾಸ್ಟಿಕ್ ಫೋರ್ 48ನೇ ಸಂಚಿಕೆಗಾಗಿ ಬರಹಗಾರ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಮಾತಾಡಿಕೊಂಡ ಕಥೆಯಲ್ಲಿ ದೂತನಾದ ಸಿಲ್ವರ್ ಸರ್ಫರ್ ಇರಲೇ ಇಲ್ಲ. ಕರ್ಬಿ ಚಿತ್ರಿಸಿ ತಂದ ಪುಟಗಳಲ್ಲಿ ಹಲಗೆಯ ಮೇಲೆ ನಿಂತು ಆಕಾಶದಲ್ಲಿ ಜಾರುವ ಬೆಳ್ಳಿಮೈಯವನೊಬ್ಬನಿದ್ದ. ಇವನಾರೆಂದು ಲೀ ಕೇಳಿದಾಗ, ಇಷ್ಟು ದೊಡ್ಡವನಿಗೆ ಮುಂದೆ ಹೋಗಿ ಸಾರುವವನೊಬ್ಬ ಇರಲೇಬೇಕಲ್ಲವೇ ಎಂಬುದು ಕರ್ಬಿಯವರ ವಿವರಣೆಯಾಗಿತ್ತು. ಹೀಗಾಗಿ ಆ ಕಥೆ ಹರಡಿರುವ 48ರಿಂದ 50ರವರೆಗಿನ ಮೂರು ಸಂಚಿಕೆಗಳಲ್ಲಿ ಸರ್ಫರ್‌ಗೆ ಹಿಂದಿನ ಬದುಕೆಂಬುದೇ ಇಲ್ಲ. ಅಲೀಸಿಯಾ ಮಾಸ್ಟರ್ಸ್ ಎಂಬ ಕಣ್ಣು ಕಾಣದ ಶಿಲ್ಪಿಯ ಮಾತುಗಳಿಂದ ಅವನಿಗೆ ಮನುಷ್ಯರ ಜೀವದ ಬೆಲೆ ಮೊದಲ ಬಾರಿಗೆ ತಿಳಿಯುತ್ತದೆ, ಅವನು ಒಡೆಯನಿಗೆ ಎದುರು ನಿಲ್ಲುತ್ತಾನೆ, ಶಿಕ್ಷೆಯಾಗಿ ಭೂಮಿಯನ್ನು ಬಿಟ್ಟು ಹೋಗದಂತೆ ಬಂಧಿತನಾಗುತ್ತಾನೆ.

ಸರ್ಫರ್ ಝೆನ್-ಲಾ ಗ್ರಹದ ನೊರಿನ್ ರ್ಯಾಡ್, ತನ್ನ ಗ್ರಹವನ್ನೂ ಪ್ರೇಯಸಿ ಶಲ್ಲಾ-ಬಾಲ್‌ಳನ್ನೂ ಉಳಿಸಲು ತಾನಾಗಿ ಸೇವೆಗೆ ಒಪ್ಪಿಕೊಂಡವನು ಎಂಬ ಪೂರ್ವಕಥೆಯನ್ನು 1968ರಲ್ಲಿ ಲೀ ಮತ್ತು ಚಿತ್ರಕಾರ ಜಾನ್ ಬ್ಯೂಸೆಮಾ ಸೇರಿಸಿದರು. ಇದರಿಂದ ಹೊಸ ತೊಡಕೊಂದು ಹುಟ್ಟಿತು. ಅಷ್ಟು ಮೃದು ಮನಸ್ಸಿನವನು ಜನವಸತಿಯಿರುವ ಗ್ರಹಕ್ಕೆ ಗ್ಯಾಲಕ್ಟಸ್‌ನನ್ನು ಕರೆತಂದದ್ದು ಹೇಗೆ? ಗ್ಯಾಲಕ್ಟಸ್ ಅವನ ಆತ್ಮವನ್ನೇ ತಿದ್ದಿ, ಪಶ್ಚಾತ್ತಾಪ ಹುಟ್ಟದಂತೆ ಮಾಡಿದ್ದನೆಂದು ನಂತರದ ಬರಹಗಾರರು ಸಮಜಾಯಿಷಿ ಕೊಟ್ಟರು. ಈ ತೇಪೆ ನನಗೆ ಒಪ್ಪಿಗೆಯಾಗಿಲ್ಲ. ತಾನು ಮಾಡಿದ್ದಕ್ಕೆ ತಾನೇ ಹೊಣೆಯಲ್ಲ ಎಂದಾದ ಮೇಲೆ ಅವನ ದುಃಖಕ್ಕೆ ತೂಕವೆಲ್ಲಿ ಉಳಿಯಿತು?

ಮಲೆನಾಡಿನ ಓದುಗ:

ಎರಡನೆಯ ಪ್ರಶ್ನೆಗೆ ನನ್ನ ಉತ್ತರವಿದು: ಅಂತಃಕರಣವುಳ್ಳವನನ್ನು ದೂತನನ್ನಾಗಿ ಮಾಡಿಕೊಂಡರೆ ಅವನು ಒಂದಲ್ಲ ಒಂದು ದಿನ ಬಿಟ್ಟುಹೋಗುತ್ತಾನೆ, ಅಂತಃಕರಣವಿಲ್ಲದವನನ್ನು ಮಾಡಿಕೊಂಡರೆ ಅವನು ಒಡೆಯನ ಕುತ್ತಿಗೆಗೇ ಕೈ ಹಾಕುತ್ತಾನೆ. ಗ್ಯಾಲಕ್ಟಸ್ ಎರಡು ಬಗೆಯವರನ್ನೂ ಪರೀಕ್ಷಿಸಿ ನೋಡಿದ್ದಾನೆ.

ಸರ್ಫರ್‌ನ ನಂತರ ಬಂದ ಏರ್-ವಾಕರ್, ಅಂದರೆ ಝಾಂಡರ್ ಗ್ರಹದ ಗೇಬ್ರಿಯಲ್ ಲ್ಯಾನ್, ನಿಷ್ಠೆಯಿಂದ ಸೇವೆ ಮಾಡಿ ಸತ್ತವನು. ಅವನ ಬದಲಿಗೆ ಗ್ಯಾಲಕ್ಟಸ್ ಅವನದೇ ರೂಪದ ಯಂತ್ರವನ್ನು ಮಾಡಿಕೊಂಡ. ಗೆಳೆಯ ಏನಾದನೆಂದು ಹುಡುಕಿಕೊಂಡು ಬಂದ ಪೈರಿಯಸ್ ಕ್ರಿಲ್ ಫೈರ್‌ಲಾರ್ಡ್ ಆದ. ಅವನು ಆರಂಭದಿಂದಲೇ ಬಿಡುಗಡೆಯನ್ನು ಬಯಸುತ್ತಿದ್ದ, ಕೊನೆಗೆ ಥಾರ್ ಅವನ ಬದಲಿಗೆ ಅಸ್ಗಾರ್ಡ್‌ನ ಡಿಸ್ಟ್ರಾಯರ್ ಕವಚವನ್ನು ಗ್ಯಾಲಕ್ಟಸ್‌ಗೆ ಒಪ್ಪಿಸಿ ಅವನನ್ನು ಬಿಡಿಸಿದ.

ಇದಾದ ಮೇಲೆ, 1979ರಲ್ಲಿ, ಗ್ಯಾಲಕ್ಟಸ್ ಬೇಕೆಂದೇ ಕ್ರೂರಿಯೊಬ್ಬನನ್ನು ಆರಿಸಿಕೊಂಡ. ಟೈರೋಸ್ ಎಂಬ ಆ ಸರ್ವಾಧಿಕಾರಿ ಕಲ್ಲು ಮಣ್ಣುಗಳನ್ನು ಆಳಬಲ್ಲವನು. ಕೊಡಲಿ ಹಿಡಿದ ಟೆರಾಕ್ಸ್ ಎಂದು ನಾವು ಬಲ್ಲವನು ಅವನೇ. ಅವನಿಗೆ ಗ್ರಹಗಳ ಮೇಲೆ ಕನಿಕರವೇನೂ ಇರಲಿಲ್ಲ, ಆದರೆ ಒಡೆಯನ ಮೇಲೂ ಇರಲಿಲ್ಲ. 1982ರಲ್ಲಿ ಜಾನ್ ಬರ್ನ್ ಬರೆದು ಚಿತ್ರಿಸಿದ ಕಥೆಯಲ್ಲಿ ಟೆರಾಕ್ಸ್ ಮ್ಯಾನ್‌ಹ್ಯಾಟನ್ ದ್ವೀಪವನ್ನೇ ಕಿತ್ತು ಬಾಹ್ಯಾಕಾಶಕ್ಕೆ ಎತ್ತಿ, ಹಸಿವಿನಿಂದ ಬಳಲಿದ್ದ ಗ್ಯಾಲಕ್ಟಸ್‌ನನ್ನು ಕೊಂದರೆ ಮಾತ್ರ ಊರನ್ನು ಹಿಂದಿರುಗಿಸುವೆನೆಂದು ಫೆಂಟಾಸ್ಟಿಕ್ ಫೋರ್ ಬಳಗವನ್ನು ಬೆದರಿಸುತ್ತಾನೆ. ಬಳಲಿಕೆಯಲ್ಲೂ ಗ್ಯಾಲಕ್ಟಸ್ ಅವನ ಶಕ್ತಿಯನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ. ತಾವು ಕೇಳಿದ "ಏಕೆ ಮುಂದುವರಿಸುತ್ತಾನೆ" ಎಂಬುದಕ್ಕೆ ಉತ್ತರ ಬಹುಶಃ ಇಲ್ಲಿದೆ. ಕೊಟ್ಟದ್ದು ದಾನವಲ್ಲ, ಎರವಲು. ಬೇಕೆಂದಾಗ ವಾಪಸ್ಸು ಬರುತ್ತದೆ.

ಆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸಾಯುತ್ತಿದ್ದ ಗ್ಯಾಲಕ್ಟಸ್‌ನನ್ನು ಫೆಂಟಾಸ್ಟಿಕ್ ಫೋರ್‌ನ ನಾಯಕ ರೀಡ್ ರಿಚರ್ಡ್ಸ್ ಬದುಕಿಸುತ್ತಾನೆ. ಆಗ ಅದೇ ಬಳಗದ ಜಾನಿ ಸ್ಟಾರ್ಮ್‌ನ ಗೆಳತಿ ಫ್ರ್ಯಾಂಕಿ ರೇ, ಯಾರ ಬಲವಂತವೂ ಇಲ್ಲದೆ, ದೂತಳಾಗಲು ತಾನೇ ಮುಂದೆ ಬರುತ್ತಾಳೆ. ಭೂಮಿ ಉಳಿಯುವುದೆಂಬುದು ಒಂದು ಕಾರಣ. ನಕ್ಷತ್ರಗಳ ನಡುವೆ ಓಡಾಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದು. ಮನುಷ್ಯರಲ್ಲದವರ ಸಾವು ತನ್ನನ್ನು ಅಷ್ಟಾಗಿ ಕಾಡದೆಂಬ ಅವಳ ನಿಲುವನ್ನು ಓದುವಾಗ ಟೆರಾಕ್ಸ್‌ನ ಕ್ರೌರ್ಯಕ್ಕಿಂತ ಹೆಚ್ಚು ಭಯವಾಗುತ್ತದೆ, ಏಕೆಂದರೆ ಅವಳು ನಾವು ಮೆಚ್ಚಿದ್ದ ಪಾತ್ರ. ನೋವಾ ಎಂಬ ಹೆಸರಿನ ಆ ದೂತಳಲ್ಲೂ ಕ್ರಮೇಣ ಪಾಪಪ್ರಜ್ಞೆ ಮೂಡಿತು, ಜನರಿಲ್ಲದ ಗ್ರಹಗಳನ್ನು ಹುಡುಕುವುದರಲ್ಲಿ ಕೆಲಸ ನಿಧಾನವಾಯಿತು. 1992ರಲ್ಲಿ ಗ್ಯಾಲಕ್ಟಸ್ ಅವಳನ್ನು ಬಿಟ್ಟು, ವೃತ್ತಿಯಿಂದಲೇ ವಧಕನಾಗಿದ್ದ ಮಾರ್ಗ್ ಎಂಬವನನ್ನು ನೇಮಿಸಿಕೊಂಡ. ಹಳೆಯ ದೂತರೆಲ್ಲ ಸೇರಿ ಮಾರ್ಗ್‌ನನ್ನು ತಡೆಯಹೋದಾಗ ನೋವಾ ಅವನ ಕೈಯಲ್ಲಿ ಸತ್ತಳು.

ಬೆಳ್ಳಿಹಲಗೆ:

ಥಾನೋಸ್ ಮತ್ತು ಡಾರ್ಕ್‌ಸೈಡ್ ಇವರ ಬಳಿ ಈ ತೊಂದರೆ ಇಲ್ಲವೆಂಬ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ.

ಡಾರ್ಕ್‌ಸೈಡ್‌ನನ್ನೂ ಕಲ್ಪಿಸಿದವರು ಕರ್ಬಿಯವರೇ. ಗ್ಯಾಲಕ್ಟಸ್ ಕಥೆಗಳ ಪ್ರಕಾಶಕ ಮಾರ್ವೆಲ್ ಬಿಟ್ಟು ಡಿಸಿ ಸೇರಿದ ಮೇಲೆ 1970–71ರಲ್ಲಿ ಅವರು ರಚಿಸಿದ, ಡಾರ್ಕ್‌ಸೈಡ್ ಆಳುವ ಅಪೊಕಲಿಪ್ಸ್ ಗ್ರಹದಲ್ಲಿ ಸೇವೆಯ ಸ್ವರೂಪವೇ ಬೇರೆ. ಗ್ಯಾಲಕ್ಟಸ್ ಬೆಳೆದುನಿಂತವರೊಡನೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಡಾರ್ಕ್‌ಸೈಡ್ ಮಕ್ಕಳನ್ನು ಹಿಡಿದು ಸೇವಕರನ್ನಾಗಿ ಬೆಳೆಸುತ್ತಾನೆ. ಗ್ರ್ಯಾನಿ ಗುಡ್‌ನೆಸ್ ನಡೆಸುವ ಅನಾಥಾಲಯದಲ್ಲಿ ಹಿಂಸೆಗೆ ಪ್ರೀತಿಯೆಂಬ ಹೆಸರು. ಉಳಿದವರಲ್ಲಿ ಕ್ಯಾಲಿಬ್ಯಾಕ್ ಮಗ, ಸ್ಟೆಪೆನ್‌ವುಲ್ಫ್ ಚಿಕ್ಕಪ್ಪ, ಡಿಸಾಡ್ ಚಿತ್ರಹಿಂಸೆಯ ನಿಪುಣ. ಇವರಿಗೆ ಎದುರು ನಿಲ್ಲುವ ಕಲ್ಪನೆ ಬರುವುದು ಅಪರೂಪ, ಆದ್ದರಿಂದ ಅಲ್ಲಿ ಬಂಡಾಯವೆಂದರೆ ಹೆಚ್ಚಾಗಿ ತಪ್ಪಿಸಿಕೊಂಡು ಓಡುವುದು. ಗ್ರ್ಯಾನಿಯ ಕೈಯಿಂದ ಪಾರಾದ ಸ್ಕಾಟ್ ಫ್ರೀ ಭೂಮಿಯಲ್ಲಿ ಬಂಧನಗಳಿಂದ ಬಿಡಿಸಿಕೊಳ್ಳುವ ಪ್ರದರ್ಶನಗಾರ ಮಿಸ್ಟರ್ ಮಿರಾಕಲ್ ಆಗುತ್ತಾನೆ. ಗ್ರ್ಯಾನಿಯ ಅತ್ಯುತ್ತಮ ಯೋಧೆಯಾಗಿದ್ದ ಬಿಗ್ ಬಾರ್ಡಾ ಕೂಡ ಅವನ ಹಿಂದೆಯೇ ಹೊರಟುಬರುತ್ತಾಳೆ. ಈ ಸಾಲಿನಲ್ಲೆಲ್ಲ ನನಗೆ ಅತಿ ಪ್ರಿಯವಾದ ಪಾತ್ರ ಅವಳೇ.

ಥಾನೋಸ್‌ನ ಸೇವಕರ ಗುಂಪಾದ ಬ್ಲ್ಯಾಕ್ ಆರ್ಡರ್ ತೀರ ಇತ್ತೀಚಿನದು. 2013ರಲ್ಲಿ ಬರಹಗಾರ ಜೋನಾಥನ್ ಹಿಕ್‌ಮನ್ ಆ ಐವರನ್ನೂ ಒಟ್ಟಿಗೆ ತಂದದ್ದರಿಂದ ಅವರಲ್ಲಿ ಬಹುತೇಕರು ಆಯುಧಗಳಾಗಿಯೇ ಉಳಿದರೆಂದು ನನ್ನ ಅನಿಸಿಕೆ. ಅಪವಾದ ಎಬನಿ ಮಾ ಒಬ್ಬನೇ. ಚಿತ್ರದಲ್ಲಿ ಅವನು ವಸ್ತುಗಳನ್ನು ಮನಸ್ಸಿನಿಂದಲೇ ಎಸೆಯುತ್ತಾನೆ. ಕಾಮಿಕ್ಸ್‌ನಲ್ಲಾದರೋ ಅವನ ಅಸ್ತ್ರ ಮಾತು. ಮಹಾಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್‌ನಂಥವನನ್ನೇ ವಶಮಾಡಿಕೊಳ್ಳುವ ಆ ನಾಲಿಗೆ ಕಡೆಗೆ ಥಾನೋಸ್‌ನ ಮಗ ಥೇನ್‌ನ ಕಿವಿಯನ್ನು ಸೇರುತ್ತದೆ, ಥಾನೋಸ್ ಮಗನ ಕೈಯಿಂದಲೇ ಸೆರೆಯಾಗುತ್ತಾನೆ. ಆದ್ದರಿಂದ ಎರಡು ಬಗೆಯುವವರು ಅಲ್ಲಿಯೂ ಇದ್ದಾರೆ.

ತುಂಗಾತೀರ:

ಮೂವರಿಗೂ ಧನ್ಯವಾದಗಳು. ಬಲಶಾಲಿ ಯಾರೆಂಬ ಪ್ರಶ್ನೆಯನ್ನು ಎಲ್ಲರೂ ನಯವಾಗಿ ದಾಟಿಬಿಟ್ಟಿದ್ದೀರಿ. ಮೊದಲು ಯಾವುದನ್ನು ಓದಬೇಕೆಂಬುದನ್ನೂ ತಿಳಿಸಿ.

ಹಳೆಸಂಚಿಕೆ:

ಬಲದಲ್ಲಿ ಸರ್ಫರ್ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಬ್ಲ್ಯಾಕ್ ಆರ್ಡರ್‌ನ ಯಾರೊಬ್ಬರೂ ಒಂಟಿಯಾಗಿ ಅವನ ಮುಂದೆ ನಿಲ್ಲಲಾರರು. 2020ರಲ್ಲಿ ಥಾರ್ ಕೂಡ ಗ್ಯಾಲಕ್ಟಸ್‌ನ ದೂತನಾದ, ಆದರೆ ಅವನು ಮೊದಲೇ ದೇವತೆಯಾಗಿದ್ದವನು. ಅವನನ್ನು ಈ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಆ ಕಥೆಯಲ್ಲಿ ಗ್ಯಾಲಕ್ಟಸ್ ಸಾಯುವುದು ಥಾರ್‌ನ ಕೈಯಲ್ಲೇ ಎಂಬುದನ್ನು ಮಲೆನಾಡಿನ ಓದುಗರ ಪಟ್ಟಿಗೆ ಸೇರಿಸಬಹುದು.

ಓದಲು ಫೆಂಟಾಸ್ಟಿಕ್ ಫೋರ್‌ನ 48ರಿಂದ 50ರವರೆಗಿನ ಸಂಚಿಕೆಗಳಿಂದ ಆರಂಭಿಸಿ, ಬಳಿಕ ನೇರವಾಗಿ ಟೆರಾಕ್ಸ್ ಮತ್ತು ಫ್ರ್ಯಾಂಕಿ ರೇ ಕಥೆಯಿರುವ 242ರಿಂದ 244ಕ್ಕೆ ಹೋಗಿ. ಗ್ಯಾಲಕ್ಟಸ್‌ನನ್ನು ಬದುಕಿಸಿದ ತಪ್ಪಿಗೆ ರೀಡ್ ರಿಚರ್ಡ್ಸ್‌ನನ್ನು ವಿಚಾರಣೆಗೆ ಗುರಿಪಡಿಸುವ 262ನೇ ಸಂಚಿಕೆಯನ್ನೂ ಬಿಡಬೇಡಿ. ದೂತರನ್ನು ದೂಷಿಸುವ ನಾವು ಯಾರನ್ನು ಮರೆತಿದ್ದೇವೆಂಬ ವಾದವನ್ನು ಅಲ್ಲಿ ನೋಡಬಹುದು. ಬಿಗ್ ಬಾರ್ಡಾ ಕಾಣಿಸಿಕೊಳ್ಳುವುದು 1971ರ ಮಿಸ್ಟರ್ ಮಿರಾಕಲ್ ಮಾಲಿಕೆಯ ನಾಲ್ಕನೇ ಸಂಚಿಕೆಯಲ್ಲಿ.