ಸಹಾಯ ಬೇಕು: ಹಾರ್ಡ್, ಹಾರ್ಡ್ಲಿ ಹೇಗೆ ಕಲಿಸೋದು?

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಆಡ್‌ವರ್ಬ್ (ಕೆಲಸ ಹೇಗೆ ನಡೆಯುತ್ತೆ ಅಂತ ಹೇಳುವ ಪದ) ನಾನೇ ಹೇಳಿಕೊಡುತ್ತಿದ್ದೇನೆ. ನಮ್ಮಲ್ಲಿ 'ಜೋರು' ಪದಕ್ಕೆ 'ಆಗಿ' ಸೇರಿದರೆ 'ಜೋರಾಗಿ' ಆಗುತ್ತೆ ಅಲ್ವಾ, ಹಾಗೇ ಇಂಗ್ಲಿಷಲ್ಲಿ 'ಲಿ' ಸೇರಿಸು ಅಂದೆ. ಸ್ಲೋ, ಸ್ಲೋಲಿ. ಬೇಗ ಹಿಡಿದಳು.

ನಿನ್ನೆ ನೋಟ್‌ಬುಕ್ಕಲ್ಲಿ 'ಮೈ ಫಾದರ್ ವರ್ಕ್ಸ್ ಹಾರ್ಡ್ಲಿ' ಅಂತ ಬರೆದಿದ್ದಾಳೆ. ಅವಳಪ್ಪ ಗಾರೆ ಕೆಲಸದವರು, ಬೆಳಗ್ಗೆ ಆರಕ್ಕೇ ಹೊರಡುತ್ತಾರೆ. ಕಷ್ಟಪಟ್ಟು ದುಡಿಯುತ್ತಾರೆ ಅಂತ ಬರೆಯಲು ಹೋಗಿ, ಹೆಚ್ಚುಕಮ್ಮಿ ಕೆಲಸವನ್ನೇ ಮಾಡಲ್ಲ ಅನ್ನೋ ಅರ್ಥ ಬಂದುಬಿಟ್ಟಿದೆ. ನೋಡಿ ಸಂಕಟವಾಯ್ತು. ನಾನು ಹೇಳಿಕೊಟ್ಟ ರೂಲೇ ಸಾಲದು.

ಲೇಟ್ ಅಂದ್ರೆ 'ತಡವಾಗಿ', ಲೇಟ್ಲಿ ಅಂದ್ರೆ 'ಇತ್ತೀಚೆಗೆ'. ಫಾಸ್ಟ್‌ಗಂತೂ 'ಲಿ' ಸೇರೋದೇ ಇಲ್ಲ. ಇಂಥವನ್ನು ಸುಮ್ನೆ ಬಾಯಿಪಾಠ ಮಾಡಿಸದೆ ಹೇಗೆ ಕಲಿಸ್ತೀರಿ? ಕನ್ನಡದ ಉದಾಹರಣೆ ಇಟ್ಟು ವಿವರಿಸಿದರೆ ತುಂಬಾ ಉಪಕಾರ.